ಮದ್ದಿಲ್ಲದ ತೋಟಾ

ಡಾಕ್ಟರ್ ವೆಂಕಟೇಶಮೂರ್ತಿಯವರ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ಪ್ರೇರಣಾ ಒಂದು ದಿನವೂ ಕಂಡವಳಲ್ಲ. ಕಾರು ಯಾವಾಗಲೂ ಹೊರಗೆ, ಕಾರ್ಕ್ ಊರಿನ ಜಿಟಿಜಿಟಿ ಮಳೆಗೆ ಮೈಯೊಡ್ಡಿಕೊಂಡು ನಿಂತಿರುತ್ತಿತ್ತು. ಒಳಗಿನ ಜಾಗವೆಲ್ಲ ಒಂದು ಮರದ ಬೆಂಚಿಗೆ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ, ಬಂದೂಕಿನ ತೋಟಾ ತುಂಬಿಸುವ ಟರೆಟ್ ಪ್ರೆಸ್ಸಿಗೆ ಮೀಸಲು.

ಡಾಕ್ಟರು ಮೈಸೂರಿನಲ್ಲಿ ಓದಿ, ಹರೆಯದಲ್ಲೇ ಐರ್ಲೆಂಡಿಗೆ ಬಂದು, ಮೂಳೆ ಶಸ್ತ್ರಚಿಕಿತ್ಸೆ ಮಾಡುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡವರು. ಜೊತೆಯ ಡಾಕ್ಟರೊಬ್ಬರು ಯಾವಾಗಲೋ ಒಂದು ಭಾನುವಾರ ಗುರಿಗಾರರ ಕ್ಲಬ್ಬಿಗೆ ಕರೆದೊಯ್ದದ್ದೇ ನೆಪವಾಗಿ ರೈಫಲ್ಲಿನ ಹುಚ್ಚು ಹತ್ತಿತು. ಕಾಗದದ ಗುರಿಯನ್ನು ಬಿಟ್ಟು ಇನ್ನಾವುದರ ಮೇಲೂ ಅವರು ಬಂದೂಕು ಎತ್ತಿದವರಲ್ಲ. ಆಮೇಲೆ ತೋಟಾಗಳನ್ನು ತಾವೇ ತುಂಬಿಸುವ ಹುಚ್ಚು. ಈ ದೇಶದಲ್ಲಿ ಮನೆಯಲ್ಲಿ ಅಂಥ ಕೆಲಸಕ್ಕೆ ಪರವಾನಗಿ ಸಿಗುವುದು ಸುಲಭವಲ್ಲ. ಡಾಕ್ಟರು ಓಡಾಡಿ ಪಡೆದಿದ್ದರು. ಅದು ಅವರೊಬ್ಬರ ಹೆಸರಿನಲ್ಲಿತ್ತು.

ಪ್ರೇರಣಾ ಬಂದರಿನ ಕಡೆಯ ಔಷಧ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದಳು. ಕನ್ನಡದವರ ಒಂದು ಊಟದಲ್ಲಿ ಡಾಕ್ಟರು ಈ ಪ್ರೆಸ್ಸಿನ ವಿಷಯ ಹೇಳುತ್ತಿದ್ದಾಗ ಉಳಿದ ಹೆಂಗಸರೆಲ್ಲ ಎದ್ದು ಹೋದರೂ ಇವಳು ಮಾತ್ರ ಕೂತು ಕೇಳಿದಳು. ಮುಂದಿನ ವಾರ ನೋಡಲು ಹೋದಳು. ಅದರ ಮುಂದಿನ ವಾರ ಕ್ಲಬ್ಬಿಗೆ. ಹೀಗೆ ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ಡಾಕ್ಟರ ಗ್ಯಾರೇಜಿಗೆ ಹೋಗುವುದು ಅವಳಿಗೆ ದೇವಸ್ಥಾನಕ್ಕೆ ಹೋದಷ್ಟು ಖಾಯಂ ಆಗಿಬಿಟ್ಟಿತ್ತು. ಗಂಡ ಮಯೂರ್, "ನಿಂಗೂ ಡಾಕ್ಟ್ರಿಗೂ ಯಾವ ಜನ್ಮದ ನಂಟೋ" ಎಂದು ನಗುತ್ತಿದ್ದ. ಡಾಕ್ಟರ ಹೆಂಡತಿ ವೇದಾವತಿ ಗ್ಯಾರೇಜಿನೊಳಗೆ ಕಾಲಿಡುತ್ತಿರಲಿಲ್ಲ. ಕಾಫಿಯಾದಾಗ ಬಾಗಿಲ ಹೊರಗೇ ನಿಂತು ಕೂಗುತ್ತಿದ್ದರು.

ಪ್ರೆಸ್ಸಿನ ನೆತ್ತಿಯಲ್ಲೊಂದು ದುಂಡನೆಯ ತಲೆ, ಆ ತಲೆಯಲ್ಲಿ ನಾಲ್ಕು ಡೈ, ಅಂದರೆ ಅಚ್ಚುಗಳು. ಪಕ್ಕದ ಹ್ಯಾಂಡಲನ್ನು ಕೆಳಗೆ ಎಳೆದು ಮೇಲೆ ಬಿಟ್ಟರೆ ತಲೆ ಕಾಲು ಸುತ್ತು ತಿರುಗಿ ಮುಂದಿನ ಡೈ ಎದುರಿಗೆ ಬರುತ್ತಿತ್ತು. ಮೊದಲ ಎಳೆತಕ್ಕೆ, ಹಾರಿಸಿ ಖಾಲಿಯಾದ ಹಿತ್ತಾಳೆಯ ಕೇಸು ಮತ್ತೆ ತನ್ನ ಅಳತೆಗೆ ಬಂದು, ಕಿಡಿ ಹೊತ್ತಿಸುವ ಹಳೆಯ ಪ್ರೈಮರ್ ಬಿಲ್ಲೆ ಉದುರಿ ಹೊಸದು ಕೂರುತ್ತಿತ್ತು. ಎರಡನೆಯದಕ್ಕೆ, ಹ್ಯಾಂಡಲ್ ಪೂರ್ತಿ ಕೆಳಗಿಳಿದರೆ ಮಾತ್ರ, ಮೇಲಿನ ಡಬ್ಬಿಯಿಂದ ಅಳತೆಯಷ್ಟು ಮದ್ದು ಬೀಳುತ್ತಿತ್ತು. ಮೂರನೆಯದಕ್ಕೆ ಸೀಸದ ಗುಂಡು, ನಾಲ್ಕನೆಯದಕ್ಕೆ ಕೇಸಿನ ಬಾಯಿ ಆ ಗುಂಡನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ನಾಲ್ಕು ಎಳೆತಕ್ಕೆ ಒಂದು ತೋಟಾ.

"ಮದ್ದು ಬಿದ್ದ ಮೇಲೆ ಒಳಗೆ ಬಗ್ಗಿ ನೋಡ್ಬೇಕು," ಎಂದು ಮೊದಲ ದಿನವೇ ಡಾಕ್ಟರು ಹೇಳಿದ್ದರು. "ಟಾರ್ಚ್ ಹಾಕಿ, ಕಣ್ಣಾರೆ ನೋಡಿ, ಆಮೇಲೆ ಗುಂಡು ಇಡು. ಮದ್ದು ಬಿತ್ತು ಅಂತ ಅಂದ್ಕೊಳ್ಳೋದು ಬೇರೆ, ನೋಡೋದು ಬೇರೆ. ಇನ್ನೊಂದು ವಿಷ್ಯ, ಈ ಬೆಂಚ್ ಹತ್ರ ಫೋನ್ ತರಬಾರ್ದು. ನಾನಿಲ್ದೆ ಇದ್ದಾಗ ಹ್ಯಾಂಡಲ್ ಮುಟ್ಟಬಾರ್ದು."

ಪ್ರೇರಣಾ ಕಾರ್ಖಾನೆಯಲ್ಲಿ ದಿನವೂ ಹೇಳುತ್ತಿದ್ದ ಮಾತುಗಳೇ ಇವು. ಅದಕ್ಕೇ ಅವಳಿಗೆ ಆ ಗ್ಯಾರೇಜು ಅಷ್ಟು ಹಿಡಿಸಿತು.

ಕಳೆದ ಚಳಿಗಾಲದಲ್ಲಿ ಡಾಕ್ಟರ ಕೈ ನಡುಗಲು ಶುರುವಾಯಿತು. ಸುಮ್ಮನೆ ಕೂತಾಗ ಏನೂ ಇಲ್ಲ. ಪ್ರೈಮರಿನಂಥ ಸಣ್ಣ ವಸ್ತು ಹಿಡಿದಾಗ, ಲೋಟ ತುಟಿಗೆ ಎತ್ತುವಾಗ ಬೆರಳುಗಳು ತಮ್ಮ ಪಾಡಿಗೆ ತಾವು ಅದುರುತ್ತಿದ್ದವು. ತಜ್ಞರಿಗೆ ತೋರಿಸಿದಾಗ, ಇದು ವಯಸ್ಸಿಗೆ ಬರುವ ನಡುಕ, ಹೆದರಬೇಕಾದ್ದಲ್ಲ ಎಂದಿದ್ದರಂತೆ. ಆದರೂ ಶಸ್ತ್ರಚಿಕಿತ್ಸೆ ಮಾಡಿದ ಕೈ.

"ವೇದಾಗೆ, ನಿಂಗೆ ಬಿಟ್ರೆ ಯಾರಿಗೂ ಹೇಳಿಲ್ಲ," ಎಂದಿದ್ದರು ಒಂದು ಶನಿವಾರ. "ಹರ್ಷಂಗೂ ಹೇಳಿಲ್ಲ. ಇಲ್ಲೇ ಇರ್ಲಿ ಈ ಮಾತು. ಇನ್ಮೇಲೆ ನಾನು ತುಂಬ್ಸುವಾಗೆಲ್ಲಾ ನೀನೂ ಒಂದ್ಸಲ ಒಳಗೆ ನೋಡ್ಬಿಡು. ಆಯ್ತಾ?"

ಶ್ರೀಹರ್ಷ ಅವರ ಒಬ್ಬನೇ ಮಗ. ಡಬ್ಲಿನ್ನಿನ ಪಕ್ಕದ ಲೂಕನ್‌ನಲ್ಲಿದ್ದ.

"ಆಯ್ತು ಅಂಕಲ್," ಎಂದಿದ್ದಳು ಪ್ರೇರಣಾ. ಅಷ್ಟು ದೊಡ್ಡವರು ತನ್ನನ್ನು ನಂಬಿ ಹೇಳಿದರಲ್ಲ ಎಂದು ಅವತ್ತು ಮನೆಗೆ ಬರುವಾಗ ಎದೆ ತುಂಬಿತ್ತು.

ಫೆಬ್ರವರಿಯ ಕೊನೆಯ ಆ ಶನಿವಾರ ಅವಳು ಹೋಗುವ ಹೊತ್ತಿಗೆ ಬೆಂಚಿನ ಮೇಲಿನ ಡಬ್ಬಿಯಲ್ಲಿ ಆಗಲೇ ಒಂದಷ್ಟು ತೋಟಾಗಳಿದ್ದವು. ಬೆಳಿಗ್ಗೆ ಅವಳಿಗಾಗಿ ಕಾಯಲಾರದೆ ಡಾಕ್ಟರೇ ಕೂತು ತುಂಬಿಸಿದ್ದರು. ಅವಳು ಕೋಟು ತೆಗೆಯುವಷ್ಟರಲ್ಲಿ ವೇದಾವತಿ ಹೊರಗಿನಿಂದ ಕೂಗಿದರು. ಎಂದೋ ಸೊಂಟದ ಮೂಳೆ ಸರಿಪಡಿಸಿಕೊಂಡಿದ್ದ ಮುದುಕಿಯೊಬ್ಬಳು ಕೇಕು ಹಿಡಿದುಕೊಂಡು ಡಾಕ್ಟರನ್ನು ನೋಡಲು ಬಂದಿದ್ದಳು.

"ಇವತ್ತು ಇದಾಗೋ ಹಾಗಿಲ್ಲ. ಬಾ, ನೀನೂ ಕೇಕ್ ತಿನ್ನು," ಎಂದರು ಡಾಕ್ಟರು.

"ನೀವ್ ಹೋಗಿ ಅಂಕಲ್. ನಾನು ಕೇಸ್ ಒರೆಸ್ತಾ ಇರ್ತೀನಿ."

ಒರೆಸಿದ್ದು ಸ್ವಲ್ಪ ಹೊತ್ತು. ಆಮೇಲೆ ಪ್ರೆಸ್ಸಿನ ಮುಂದೆ ಹೋಗಿ ಕೂತಳು. ಎರಡು ವರ್ಷದಿಂದ ಮಾಡುತ್ತಿರುವ ಕೆಲಸ, ಇನ್ನೂ ಮಗುವನ್ನು ಕಾಯುವಂತೆ ಪಕ್ಕದಲ್ಲಿ ಯಾಕೆ ಯಾರಾದರೂ ನಿಂತಿರಬೇಕು ಎನ್ನಿಸಿತು. ನಾಲ್ಕು ಎಳೆತ, ಒಂದು ತೋಟಾ. ಮತ್ತೆ ನಾಲ್ಕು. ಕೈ ತಾನಾಗಿ ಓಡುತ್ತಿತ್ತು. ಅಷ್ಟರಲ್ಲಿ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ರತ್ನಾ. ಅದೇ ಊರಿನಲ್ಲಿದ್ದ ಗೆಳತಿ, ಯುಗಾದಿ ಕಾರ್ಯಕ್ರಮದ ಅಡುಗೆಯ ಉಸ್ತುವಾರಿ ಅವಳದು. ಪ್ರೇರಣಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕೈ ನಿಲ್ಲಿಸಲಿಲ್ಲ.

"ಎಲ್ಲಿದೀಯೇ?" ಎಂದಳು ರತ್ನಾ.

"ಡಾಕ್ಟ್ರ ಮನೇಲಿ. ತೋಟಾ ತುಂಬಿಸ್ತಿದೀನಿ."

"ಅಲ್ಲ, ನೀನ್ಯಾಕೆ ತುಂಬಿಸ್ಬೇಕು? ಅವ್ರ ಕೆಲ್ಸ ಅವ್ರು ಮಾಡ್ಕೊಳ್ಳಲ್ವಾ?"

ಆಗ ಪ್ರೇರಣಾ ಬಾಯಿ ಬಿಟ್ಟಳು. ಯಾಕೆಂದು ಆಮೇಲೆ ಎಷ್ಟೋ ಸಲ ತನ್ನನ್ನು ತಾನೇ ಕೇಳಿಕೊಂಡಳು. ತಾನಿಲ್ಲದಿದ್ದರೆ ಈ ಕೆಲಸ ನಡೆಯುವುದಿಲ್ಲ ಎಂದು ಯಾರಿಗಾದರೂ ತಿಳಿಯಲಿ ಎಂಬ ಆಸೆ, ಅಷ್ಟೇ.

"ಅವ್ರ ಕೈಯಲ್ಲಿ ಏನಾಗುತ್ತೆ ಮಾರಾಯ್ತಿ? ಯಾರಿಗೂ ಹೇಳ್ಬೇಡ ಮತ್ತೆ, ಕೈ ನಡುಗುತ್ತೆ ಅವ್ರಿಗೆ. ಕಾಫಿ ಲೋಟ ಹಿಡಿದ್ರೆ ಲೋಟಕ್ಕೇ ಚಳಿಜ್ವರ ಬಂದಂಗಾಡುತ್ತೆ. ಇಲ್ಲಿ ಎಲ್ಲಾ ನಾನೇ ಈಗ."

ರತ್ನಾ ಪಕ್ಕೆಂದು ನಕ್ಕಳು. ಪ್ರೇರಣಾಳಿಗೂ ನಗು ತಡೆಯಲಾಗಲಿಲ್ಲ. ನಗುವಿನಲ್ಲಿ ಮೈ ಅಲುಗಿ ಫೋನು ಭುಜದಿಂದ ಜಾರಿತು. ಅದನ್ನು ಹಿಡಿಯಲು ಹೋಗಿ, ಮದ್ದಿನ ಡೈಗೆ ಅರ್ಧ ಎಳೆದಿದ್ದ ಹ್ಯಾಂಡಲನ್ನು ಕೈಬಿಟ್ಟಳು. ಹ್ಯಾಂಡಲ್ ಮೇಲಕ್ಕೆ ಹೋಯಿತು. ತಲೆ ಟಿಕ್ ಎಂದು ಮುಂದಿನ ಡೈಗೆ ತಿರುಗಿತು. ಅವಳು ಫೋನನ್ನು ಮತ್ತೆ ಸಿಕ್ಕಿಸಿಕೊಂಡು, ಮಾತು ಮುಂದುವರಿಸುತ್ತಲೇ, ಕೇಸಿನ ಬಾಯಿಗೆ ಗುಂಡು ಇಟ್ಟು ಎಳೆದಳು. ಒಳಗೆ ಬಗ್ಗಿ ನೋಡಲಿಲ್ಲ.

ಡಾಕ್ಟರು ವಾಪಸು ಬರುವ ಹೊತ್ತಿಗೆ ಅವಳು ಫೋನನ್ನು ಚೀಲಕ್ಕೆ ಹಾಕಿ ಬಟ್ಟೆ ಹಿಡಿದು ಕೂತಿದ್ದಳು. ತಾನು ತುಂಬಿಸಿದ ಒಂದು ಬೊಗಸೆಯಷ್ಟು ತೋಟಾಗಳನ್ನು ಅವರ ಡಬ್ಬಿಗೇ ಸುರಿದಾಗಿತ್ತು. ಮುದುಕಿಯ ಮಾತುಗಳನ್ನು ನೆನೆಸಿಕೊಂಡು ನಗುತ್ತಿದ್ದ ಡಾಕ್ಟರು ಡಬ್ಬಿಯ ಮುಚ್ಚಳ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಳಗೆ ನೋಡಲೂ ಇಲ್ಲ.

ಮುಂದಿನ ಭಾನುವಾರ ಕ್ಲಬ್ಬಿನಲ್ಲಿ ಡಾಕ್ಟರ ಸರದಿ. ರೈಫಲ್ಲನ್ನು ಮರಳುಚೀಲದ ಆಸರೆಗೆ ಒರಗಿಸಿ ಅವರು ಹೊಡೆಯುತ್ತಿದ್ದರು. ಹಿಂದೆ ನಿಂತಿದ್ದ ಪ್ರೇರಣಾಳಿಗೆ ಒಂದು ಸದ್ದು ಬೇರೆಯಾಗಿ ಕೇಳಿತು. ಢಮ್ ಎನ್ನಬೇಕಾದ್ದು ಬರೀ ಪಟ್ ಎಂದಿತ್ತು. ಮದ್ದಿಲ್ಲದ ತೋಟಾ. ಬರೀ ಪ್ರೈಮರಿನ ಶಕ್ತಿಗೆ ಗುಂಡು ನಳಿಗೆಯ ಅರ್ಧದವರೆಗೆ ಹೋಗಿ ಸಿಕ್ಕಿಹಾಕಿಕೊಂಡಿರುತ್ತದೆ ಎಂದು ಅವಳ ತಲೆಗೆ ಹೊಳೆಯುವ ಮೊದಲೇ, ಗೊತ್ತುಪಡಿಸಿದ ಸಮಯದೊಳಗೆ ಹೊಡೆದು ಮುಗಿಸಬೇಕಿದ್ದ ಡಾಕ್ಟರು ಲಿವರ್ ಎಳೆದು ಮುಂದಿನದನ್ನು ಹಾರಿಸಿಬಿಟ್ಟರು.

ನಳಿಗೆ ನಡುವೆ ಉಬ್ಬಿಕೊಂಡಿತು, ಇಲಿ ನುಂಗಿದ ಹಾವಿನ ಹಾಗೆ. ಅದರ ಕೆಳಗಿನ ಮರದ ಹಿಡಿ ಸೀಳಿ ಡಾಕ್ಟರ ಎಡ ಅಂಗೈಗೆ ಹೊಕ್ಕಿತು. ಸುರಕ್ಷತೆ ನೋಡಿಕೊಳ್ಳುವ ಡೆನಿಸ್ ಕೂಗಿ ಎಲ್ಲರನ್ನೂ ನಿಲ್ಲಿಸಿ ಓಡಿಬಂದ. ಅಂಗೈಯ ಗಾಯ ದೊಡ್ಡದಲ್ಲ, ಹೊಲಿಗೆಯಲ್ಲಿ ಮುಗಿಯುವಂಥದ್ದು. ಆದರೆ ಡಾಕ್ಟರ ಮುಖ ಬಿಳಿಚಿತ್ತು.

"ನನ್ನದೇ ತಪ್ಪು," ಎಂದು ಅವರು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದರು. "ಇದನ್ನು ನಾನೊಬ್ಬನೇ ಕೂತು ತುಂಬಿಸಿದ್ದು. ಯಾರಿಗೂ ತೋರಿಸಲಿಲ್ಲ. ಕೈ ನಡುಗುತ್ತದೆ ಅಂತ ಗೊತ್ತಿದ್ದೂ ಮಾಡಿದೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಅವರ ಕಣ್ಣು ಹೋಗುತ್ತಿತ್ತು."

ಡೆನಿಸ್ ಪ್ರೇರಣಾಳ ಕಡೆ ತಿರುಗಿದ. "ತುಂಬಿಸುವಾಗ ನೀನಿದ್ದೆಯಾ?"

"ಇಲ್ಲ," ಎಂದಳು ಅವಳು. "ನಾನು ಬರುವ ಹೊತ್ತಿಗೆ ತುಂಬಿಸಿಯಾಗಿತ್ತು. ನಾನು ಬರೀ ಕೇಸು ಒರೆಸುತ್ತಿದ್ದೆ."

ಬಾಯಿಂದ ಬಂದದ್ದು ಇಷ್ಟೇ. ಹೇಳುವ ಹೊತ್ತಿಗೆ ಅವಳಿಗೆ ಆ ಟಿಕ್ ಸದ್ದು, ಜಾರಿದ ಫೋನು, ನೋಡದೆ ಇಟ್ಟ ಗುಂಡು, ಎಲ್ಲವೂ ಕಣ್ಣ ಮುಂದೆ ಬಂದಿತ್ತು. ಈಗಲೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಡಾಕ್ಟರನ್ನು ಕಾರಿಗೆ ಕೂರಿಸಿ ಕರೆದುಕೊಂಡು ಹೋದರು.

ಹೇಳದಿರಲು ದಿನಕ್ಕೊಂದು ಕಾರಣ ಸಿಕ್ಕಿತು. ಗಾಯ ಮಾಯಲಿ ಆಮೇಲೆ ಹೇಳೋಣ. ಅವರ ಬೆಳಗಿನ ತೋಟಾಗಳಲ್ಲೇ ಒಂದು ಹಾಗಿದ್ದಿರಬಹುದಲ್ಲ, ಖಂಡಿತ ಹೇಗೆ ಹೇಳುವುದು? ತಾನು ಹ್ಯಾಂಡಲ್ ಹಿಡಿದೆ ಎಂದರೆ ಅವರ ಪರವಾನಗಿಗೇ ಕುತ್ತು ಬಂದರೆ? ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಕಾರಣ ಹೇಳಿದರೆ ಅವಳು ಕನ್ನಡಕದ ಮೇಲಿಂದ ನೋಡಿ ಸುಮ್ಮನಾಗಿಸುತ್ತಿದ್ದಳು. ಅದು ನೆನಪಾದಾಗ ಮೀಟಿಂಗಿನ ನಡುವೆಯೇ ಕಿವಿ ಬಿಸಿಯಾಗುತ್ತಿತ್ತು.

ಯುಗಾದಿಯ ದಿನ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಒಬ್ಬಟ್ಟು ಬಡಿಸುತ್ತಿದ್ದಾಗ ಪಂಕ್ತಿಯ ಕೊನೆಯಲ್ಲಿ ಯಾರೋ ಅನ್ನುವುದು ಕೇಳಿತು. "ಡಾಕ್ಟ್ರು ಹಿಡಿದ್ರೆ ಲೋಟಕ್ಕೇ ಚಳಿಜ್ವರ ಅಂತಲ್ಲ!" ನಾಲ್ಕೈದು ಜನ ನಕ್ಕರು. "ಪಾಪ, ಬಂದೂಕು ಬೇರೆ ಬೇಕಿತ್ತಾ ಈ ವಯಸ್ಸಿಗೆ," ಎಂದರು ಇನ್ಯಾರೋ. ವೇದಾವತಿ ಅಲ್ಲೇ ಹಿಂದಿನ ಸಾಲಿನಲ್ಲಿದ್ದರು. ತಟ್ಟೆಯನ್ನು ಹಾಗೆಯೇ ಬಿಟ್ಟು ಎದ್ದು, ಕೋಟು ಹಾಕಿಕೊಂಡು ಹೊರಟುಹೋದರು. ಪ್ರೇರಣಾಳ ಕೈಯಲ್ಲಿ ತುಪ್ಪದ ಗಿಂಡಿಯಿತ್ತು. ಅಡುಗೆಮನೆಗೆ ಹೋಗಿ ರತ್ನಾಳನ್ನು ಹಿಡಿದುಕೊಂಡಳು.

"ಯಾರಿಗೂ ಹೇಳ್ಬೇಡ ಅಂದಿದ್ನಲ್ಲೇ!"

"ನಾನೇನು ಬೇಕೂಂತ ಹೇಳಿದ್ನಾ? ಮಾತಿಗೆ ಬಂತು, ಹೇಳ್ದೆ," ಎಂದಳು ರತ್ನಾ, ಹೂರಣದ ಪಾತ್ರೆಯಿಂದ ಕಣ್ಣೆತ್ತದೆ. "ಅಲ್ಲದೆ ನಿಜ ತಾನೆ? ಬಂದೂಕೇ ಒಡೆದುಹೋಯ್ತಲ್ಲ."

ಡಾಕ್ಟರ ಕೈಯೇ ಕಾರಣ ಎಂದು ಎಲ್ಲರೂ ಒಂದೇ ಮಾತಿಗೆ ನಂಬಿದ್ದರು. ಆ ಮಾತನ್ನು ಮೊದಲು ಊರಿಗೆ ಬಿಟ್ಟವಳು ತಾನು. ಅದೇ ಮಾತಾಡುತ್ತಾ ಮದ್ದು ಹಾಕದೆ ಬಿಟ್ಟವಳೂ ತಾನು.

ಮೇ ತಿಂಗಳಲ್ಲಿ ಶ್ರೀಹರ್ಷನ ಮಗಳ ನಾಮಕರಣಕ್ಕೆ ಕರೆ ಬಂತು. ಪ್ರೇರಣಾ ತಪ್ಪಿಸಿಕೊಳ್ಳಲು ನೋಡಿದಳು. ಮಯೂರ್ ಕೇಳಲಿಲ್ಲ. ಲೂಕನ್‌ನಲ್ಲಿ ಒಂದೇ ಥರದ ಜೋಡಿಮನೆಗಳ ಸಾಲು, ಬಾಗಿಲಿಗೆ ಮಾವಿನೆಲೆಯ ಬದಲು ಯಾವುದೋ ಹಸಿರು ಎಲೆಯ ತೋರಣ. ಹಾಲಿನಲ್ಲಿ ಸೋಫಾ ಸರಿಸಿ ತೊಟ್ಟಿಲು ಇಟ್ಟಿದ್ದರು. ಡಾಕ್ಟರು ಮೂಲೆಯ ಕುರ್ಚಿಯಲ್ಲಿದ್ದರು. ಮೂರು ತಿಂಗಳಲ್ಲಿ ಅವರು ಇಷ್ಟು ಇಳಿದುಹೋದದ್ದನ್ನು ಕಂಡು ಅವಳು ಬಾಗಿಲ ಬಳಿಯೇ ನಿಂತಳು. ಕಾರು ಓಡಿಸುವುದನ್ನು ಬಿಟ್ಟಿದ್ದಾರೆ, ಬಸ್ಸಿನಲ್ಲೇ ಬಂದರು ಎಂದು ಯಾರೋ ಹೇಳಿದರು.

ತೊಟ್ಟಿಲಿಗೆ ಹಾಕುವ ಮೊದಲು ಅಜ್ಜ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿವಿಯಲ್ಲಿ ಹೆಸರು ಹೇಳುವುದು ಅವರ ಮನೆಯ ಪದ್ಧತಿ. ಪುರೋಹಿತರು, "ತಾತ ಬನ್ನಿ, ಮಗೂನ ತೊಗೊಳ್ಳಿ," ಎಂದರು. ಸೊಸೆ ಅನನ್ಯಾ ಮಗುವನ್ನು ಎತ್ತಿಕೊಂಡು ಮುಂದೆ ಬಂದಳು.

ಡಾಕ್ಟರು ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು.

"ಬೇಡಮ್ಮ. ಹರ್ಷನೇ ಹೇಳ್ಲಿ."

"ಮಾವ, ನಾನು ಹಿಡ್ಕೊಂಡಿರ್ತೀನಿ, ನೀವು ಸುಮ್ನೆ..."

"ಬೇಡ ಅಂದ್ನಲ್ಲ. ಏನಾದ್ರೂ ಆದ್ರೆ? ನನ್ ಕೈನ ನಾನೇ ನಂಬಲ್ಲ ಈಗ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶ್ರೀಹರ್ಷ ಮಗುವನ್ನು ತೆಗೆದುಕೊಂಡು ಅದರ ಕಿವಿಯಲ್ಲಿ ಇಂಚರಾ ಎಂದು ಹೇಳಿದ. ವೇದಾವತಿ ಸೆರಗಿನಿಂದ ಮೂಗು ಒರೆಸಿಕೊಂಡರು. ಡಾಕ್ಟರು ಕುರ್ಚಿಗೆ ಹೋಗಿ ಕೂತು, ಹಿಂದೆ ಕಟ್ಟಿದ್ದ ಕೈಗಳನ್ನು ಮಡಿಲಿನಲ್ಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದರು. ಪ್ರೇರಣಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿ ನಲ್ಲಿ ಬಿಟ್ಟಳು. ಅಳು ಬರಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ತಾನು ನೋಡಲಾಗಲಿಲ್ಲ.

ಕಾರ್ಕ್‌ಗೆ ವಾಪಸು ಬರುವ ದಾರಿಯಲ್ಲಿ ಮಯೂರ್‌ಗೆ ಹೇಳಿದಳು. ಎಲ್ಲವನ್ನೂ ಅಲ್ಲ. ಆ ತೋಟಾ ತನ್ನದು ಎಂದಷ್ಟೇ.

ಅವನು ಕಾರಿನ ವೇಗ ತಗ್ಗಿಸಿದ. "ಈಗ ಹೇಳಿ ಏನುಪಯೋಗ? ಅವ್ರ ಕೈ ನಡುಗೋದಂತೂ ನಿಜ. ಇವತ್ತಲ್ಲ ನಾಳೆ ಬಿಡ್ಲೇಬೇಕಿತ್ತು," ಎಂದ. ಆಮೇಲೆ, ಅವಳ ಕಡೆ ನೋಡದೆ, "ಆದ್ರೂ ಮಗೂನ ಎತ್ಕೊಳ್ಳಲಿಲ್ಲವಲ್ಲ ಅವ್ರು," ಎಂದ.

ಅವಳು ಮೊದಲು ಹೋದದ್ದು ಡೆನಿಸ್ ಹತ್ತಿರ. ಆ ದಿನ ಒಂದಷ್ಟು ತೋಟಾಗಳನ್ನು ತಾನು ತುಂಬಿಸಿದ್ದೆ, ತಪ್ಪು ತನ್ನದೇ ಎಂದು ಹೇಳಿದಳು. ಡೆನಿಸ್ ಅವಳ ಮಾತು ಮುಗಿಯುವವರೆಗೂ ಕೇಳಿ, ಭುಜ ತಟ್ಟಿದ.

"ಒಳ್ಳೆಯ ಹೆಂಗಸು ನೀನು," ಎಂದ. "ಮುದುಕನ ಮನಸ್ಸು ಹಗುರಾಗಲಿ ಅಂತ ಇಷ್ಟು ಮಾಡುವವರು ಯಾರಿದ್ದಾರೆ? ಆದರೆ ಅವನೇ ಒಪ್ಪಿಕೊಂಡಾಗಿದೆ. ಎಲ್ಲಾ ಸರಿಹೋಯಿತು, ಇನ್ನು ಬಿಟ್ಟುಬಿಡು."

ಕಾರ್ಖಾನೆಯಲ್ಲಿ ಔಷಧದ ಗುಣಮಟ್ಟ ಕಾಯುವ, ಅಚ್ಚುಕಟ್ಟಿನ, ಮಿತಭಾಷಿ ಭಾರತೀಯ ಹೆಂಗಸು ಒಂದು ಕಡೆ, ಕೈ ನಡುಗುವ ಮುದುಕ ಇನ್ನೊಂದು ಕಡೆ. ತಪ್ಪು ಯಾರದೆಂದು ನೋಡಿದವರೇ ತೀರ್ಮಾನಿಸಿಬಿಡುತ್ತಿದ್ದರು. ಒಂದೆರಡು ದಿನದಲ್ಲಿ ಕ್ಲಬ್ಬಿನವರೆಲ್ಲ ಅವಳನ್ನು ಕಂಡಾಗ ವಿಶೇಷ ಪ್ರೀತಿಯಿಂದ ತಲೆಯಾಡಿಸತೊಡಗಿದರು. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಶನಿವಾರ ಅವಳು ಡಾಕ್ಟರ ಮನೆಗೆ ಹೋದಳು. ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಹಾಲಿನಲ್ಲಿ ಡಾಕ್ಟರು ಟಿ.ವಿ. ಮುಂದೆ ಕೂತಿದ್ದರು. ವೇದಾವತಿ ಕಾಫಿ ತಂದರು. ಡಾಕ್ಟರಿಗೆ ಲೋಟದ ಬದಲು ಎರಡು ಹಿಡಿಕೆಯ ಮುಚ್ಚಳದ ಕಪ್ಪು, ಮಕ್ಕಳಿಗೆ ಕೊಡುವಂಥದ್ದು. ಅದನ್ನು ನೋಡಿ ಪ್ರೇರಣಾ ತನ್ನ ಲೋಟವನ್ನು ಕೆಳಗಿಟ್ಟಳು.

"ಅಂಕಲ್, ಆ ತೋಟಾ ನೀವು ತುಂಬಿಸಿದ್ದಲ್ಲ. ನಾನು."

ಡಾಕ್ಟರು ನಕ್ಕರು. "ಡೆನಿಸ್ ಫೋನ್ ಮಾಡಿದ್ದ. ಹೇಳ್ದ ನೀನು ಬಂದಿದ್ದನ್ನ. ಬೇಡಮ್ಮ, ಇಂಥದ್ದೆಲ್ಲಾ ಮಾಡ್ಬೇಡ. ನನಗೆ ಸಮಾಧಾನ ಆಗ್ಲಿ ಅಂತ ನೀನು ಸುಳ್ಳು ಹೇಳೋದು ಬೇಡ. ನೀನು ಕೇಸ್ ಒರೆಸ್ತಿದ್ದೆ, ನಾನೇ ನೋಡ್ದೆ."

"ಇಲ್ಲ ಅಂಕಲ್. ನೀವು ಒಳಗೆ ಹೋದ್ಮೇಲೆ ಪ್ರೆಸ್ ಮುಂದೆ ಕೂತೆ. ಹ್ಯಾಂಡಲ್ ಅರ್ಧಕ್ಕೆ ಬಿಟ್ಟೆ, ಮದ್ದು ಬೀಳಲಿಲ್ಲ. ನೋಡದೆ ಗುಂಡು ಇಟ್ಟೆ."

"ನೀನು? ನೋಡದೆ?" ಡಾಕ್ಟರು ತಲೆಯಾಡಿಸಿದರು. "ಎರಡು ವರ್ಷದಲ್ಲಿ ಒಂದ್ಸಲ ಟಾರ್ಚ್ ಹಾಕದೆ ಬಿಟ್ಟವಳಲ್ಲ ನೀನು. ನಂಬೋ ಮಾತು ಹೇಳು."

ವೇದಾವತಿ ಸೋಫಾದ ತುದಿಯಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. "ನಿನ್ನಂಥ ಮಗಳು ನಮಗಿಲ್ಲವಲ್ಲ ಅಂತ ಇವ್ರು ಯಾವಾಗ್ಲೂ ಅಂತಾರೆ," ಎಂದರು.

ಇಲ್ಲಿಗೆ ನಿಲ್ಲಿಸಿ ಎದ್ದು ಬಂದುಬಿಡಬಹುದಿತ್ತು. ಹೇಳಿದೆ, ಅವರೇ ನಂಬಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆ ಯೋಚನೆ ಬಂತು, ಒಂದು ಗಳಿಗೆ ಹಿತವಾಗಿಯೂ ಇತ್ತು. ಆದರೆ ವೇದಾವತಿಯ ಕೈ ಅವಳ ಕೈಯ ಮೇಲಿತ್ತು. ಪ್ರೇರಣಾ ಆ ಕೈಯನ್ನು ಬಿಡಿಸಿಕೊಂಡಳು.

"ಫೋನಲ್ಲಿ ಮಾತಾಡ್ತಿದ್ದೆ ಆಂಟಿ. ರತ್ನಾ ಮಾಡಿದ್ಲು. ನೀನ್ಯಾಕೆ ತುಂಬಿಸ್ತಿದೀಯ ಅಂದ್ಲು. ಅದಕ್ಕೆ ನಾನು..." ಅವಳು ನೆಲ ನೋಡಿದಳು. "ಡಾಕ್ಟ್ರಿಗೆ ಕೈ ನಡುಗುತ್ತೆ, ಲೋಟ ಹಿಡಿದ್ರೆ ಲೋಟಕ್ಕೇ ಚಳಿಜ್ವರ ಬಂದಂಗಾಡುತ್ತೆ ಅಂದೆ. ಇಬ್ರೂ ನಕ್ವಿ. ನಗ್ತಾ ಇದ್ದಾಗ ಫೋನ್ ಜಾರ್ತು. ಅದನ್ನ ಹಿಡಿಯೋಕೆ ಹೋಗಿ ಹ್ಯಾಂಡಲ್ ಬಿಟ್ಟೆ."

ಟಿ.ವಿ.ಯಲ್ಲಿ ಯಾರೋ ಕುದುರೆ ಪಂದ್ಯದ ಬಗ್ಗೆ ಒಂದೇ ಸಮನೆ ಹೇಳುತ್ತಿದ್ದ. ವೇದಾವತಿ ನಿಧಾನಕ್ಕೆ ಸೋಫಾದಿಂದ ಎದ್ದರು.

"ಆ ಮಾತು ನಿಂದಾ?" ಎಂದರು. "ಯುಗಾದಿ ದಿನ ಊರೆಲ್ಲಾ ಆಡ್ಕೊಂಡು ನಗ್ತಿದ್ದ ಮಾತು... ನಾನು ಮನೆಗೆ ಬಂದು ಇವ್ರಿಗೆ ಹೇಳ್ಕೊಂಡು ಅತ್ತೆ. ಯಾರ ಬಾಯಲ್ಲಿ ಹುಟ್ತೋ ಅವ್ರಿಗೆ ಒಳ್ಳೇದಾಗ್ಲಿ ಅಂದ್ರು ಇವ್ರು, ನಗ್ತಾ. ನೀನಾ ಪ್ರೇರಣಾ?"

"ನಾನೇ ಆಂಟಿ."

ಈಗ ಡಾಕ್ಟರು ನಂಬಿದರು. ನಂಬಿದ್ದು ಅವರ ಮುಖದಲ್ಲಿ ಕಂಡಿತು. ಯಾರನ್ನೋ ಸಮಾಧಾನ ಮಾಡಲು ಇಂಥ ಮಾತನ್ನು ಕಟ್ಟಿ ಹೇಳುವವರಿಲ್ಲ. ಅವರು ಟಿ.ವಿ. ಆರಿಸಿದರು. ಎರಡು ಹಿಡಿಕೆಯ ಕಪ್ಪನ್ನು ಮೇಜಿನ ಮೇಲಿಟ್ಟರು, ದೂರ ಸರಿಸಿದರು.

"ಬಂದೂಕು ಹೋಯ್ತು, ಹೋಗ್ಲಿ," ಎಂದರು ಕೊನೆಗೆ. ದನಿ ಏರಿರಲಿಲ್ಲ, ಆದರೆ ಪ್ರೇರಣಾ ಹಿಂದೆಂದೂ ಕೇಳದ ದನಿ ಅದು. "ಗಾಯ, ಅದೂ ಮಾಯ್ತು. ಜನ ನಕ್ರು, ನಗ್ಲಿ, ನಡುಗೋದು ನಿಜಾನೇ. ಆದ್ರೆ ಮೂರು ತಿಂಗಳು ನಾನು ಏನ್ ಮುಟ್ಟೋಕೂ ಹೆದರ್ತಿದ್ದೆ. ಕಾರ್ ಬಿಟ್ಟೆ. ತರಕಾರಿ ಹೆಚ್ಚೋದು ಬಿಟ್ಟೆ. ಹಳೇ ಆಪರೇಷನ್‌ಗಳನ್ನೆಲ್ಲಾ ನೆನೆಸ್ಕೊಂಡು, ಆವಾಗಲೂ ನನಗೆ ಗೊತ್ತಾಗದೆ ಯಾರಿಗೆ ಏನ್ ಮಾಡಿದೀನೋ ಅಂತ ಕೂತು ಯೋಚ್ನೆ ಮಾಡಿದೀನಿ. ಮೊಮ್ಮಗಳನ್ನ ಎತ್ಕೊಳ್ಳಲಿಲ್ಲ. ನೀನು ಅಲ್ಲೇ ನಿಂತಿದ್ದೆ. ನೋಡ್ತಾ ಇದ್ದೆ."

"ತಪ್ಪಾಯ್ತು ಅಂಕಲ್."

"ಅವತ್ತೇ ಹೇಳಿದ್ದಿದ್ರೆ ಬರೀ ತಪ್ಪು ಅಂತಿದ್ದೆ. ಇದು ತಪ್ಪಲ್ಲ." ಇದಕ್ಕೆ ಬೇರೆ ಹೆಸರು ಹುಡುಕುವಂತೆ ಅವರು ಆರಿದ ಟಿ.ವಿ.ಯನ್ನೇ ನೋಡಿದರು. ಸಿಗಲಿಲ್ಲವೋ, ಹೇಳಲು ಮನಸ್ಸಾಗಲಿಲ್ಲವೋ. "ಈಗ ಹೋಗು," ಎಂದರು.

ವೇದಾವತಿ ಬಾಗಿಲವರೆಗೆ ಬರಲಿಲ್ಲ. ಪ್ರೇರಣಾ ಕೋಟು ಹಾಕಿಕೊಂಡು, ತಾನೇ ಬಾಗಿಲು ಎಳೆದುಕೊಂಡು ಹೊರಟಳು.

ಸೋಮವಾರ ಅವಳು ಮತ್ತೆ ಡೆನಿಸ್ ಹತ್ತಿರ ಹೋಗಿ ಏನನ್ನೂ ಬಿಡದೆ ಹೇಳಿದಳು. ತಾನು ಅವತ್ತು ಅವನೆದುರಿಗೆ ಸುಳ್ಳು ಹೇಳಿದ್ದನ್ನೂ ಹೇಳಿದಳು. ಈ ಸಲ ಅವನು ಭುಜ ತಟ್ಟಲಿಲ್ಲ. ಕ್ಲಬ್ಬಿನವರು ಅವಳ ಸದಸ್ಯತ್ವ ರದ್ದು ಮಾಡಿದರು. ಪರವಾನಗಿಯನ್ನು ಡಾಕ್ಟರು ತಾವಾಗಿಯೇ ಹಿಂದಿರುಗಿಸಿದರು. ಬೆಂಚಿನ ಬಳಿ ಇನ್ನೊಬ್ಬರನ್ನು ಬಿಟ್ಟು ಎದ್ದುಹೋದದ್ದು ತಮ್ಮ ತಪ್ಪು ಎಂದು ಹೇಳಿದರಂತೆ. ಪ್ರೆಸ್ಸನ್ನು ಬೆಂಚಿನಿಂದ ಬಿಚ್ಚಿದ್ದು ಡೆನಿಸ್. ಈ ಸುದ್ದಿಯೆಲ್ಲ ಅವಳಿಗೆ ಅವರಿವರಿಂದ ತಿಳಿಯಿತು.

ಕನ್ನಡದವರ ಗುಂಪಿನಲ್ಲಿ ಅವಳನ್ನು ಯಾರೂ ಏನೂ ಅನ್ನಲಿಲ್ಲ. ಅವಳು ಬಂದಾಗ ಮಾತು ಸ್ವಲ್ಪ ತಡೆದು ಮುಂದುವರಿಯುತ್ತಿತ್ತು, ಅಷ್ಟೇ. ಡಾಕ್ಟರ ಬಗ್ಗೆ ಆಡಿದ್ದ ಮಾತನ್ನು ಅವರು ಮರೆತರು, ಈಗ ಅವಳ ವಿಷಯ ಸಿಕ್ಕಿತ್ತು. ಮೊದಮೊದಲು ಅದು ನ್ಯಾಯ ಎನ್ನಿಸಿತು. ಆಮೇಲೆ ಬರೀ ದಣಿವು.

ಸೆಪ್ಟೆಂಬರಿನಲ್ಲಿ ಒಂದು ದಿನ ಇಂಡಿಯನ್ ಅಂಗಡಿಗೆ ಹೋದಾಗ ಹೊರಗೆ ಡಾಕ್ಟರ ಕಾರು ನಿಂತದ್ದನ್ನು ಕಂಡಳು. ತಿರುಗಿ ಹೋಗಬೇಕೆನ್ನುವಷ್ಟರಲ್ಲಿ ಡಾಕ್ಟರು ಅಕ್ಕಿಯ ಮೂಟೆಯನ್ನು ಎದೆಗವುಚಿಕೊಂಡು ಬಾಗಿಲಿನಿಂದ ಬಂದರು. ವೇದಾವತಿ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಕೊಡಿ ಅಂಕಲ್," ಎಂದು ಅಭ್ಯಾಸಬಲದಿಂದ ಕೈ ಚಾಚಿದಳು ಪ್ರೇರಣಾ.

"ಬೇಡ. ಹಿಡ್ಕೊಂಡಿದೀನಿ." ಸಿಟ್ಟಿರಲಿಲ್ಲ. ಹಾಗೆಂದು ಮೊದಲಿನ ಸಲಿಗೆಯೂ ಇರಲಿಲ್ಲ. ಮೂಟೆಯನ್ನು ಡಿಕ್ಕಿಯಲ್ಲಿಟ್ಟು ಮುಚ್ಚಳ ಹಾಕುವಾಗ ಅವರ ಬೆರಳುಗಳು ಅದುರುತ್ತಿದ್ದವು. ಅವರು ಅದನ್ನು ಮುಚ್ಚಿಡಲು ಹೋಗಲಿಲ್ಲ.

"ಇಂಚರಾ ಹೇಗಿದಾಳೆ?" ಕೇಳಬಾರದಿತ್ತೇನೋ ಎಂದು ಕೇಳಿದ ಮೇಲೆ ಅನ್ನಿಸಿತು.

"ಚೆನ್ನಾಗಿದಾಳೆ. ಎತ್ಕೊಂಡ್ರೆ ಕನ್ನಡಕ ಕಿತ್ಕೊಳ್ತಾಳೆ," ಎಂದರು ಡಾಕ್ಟರು. ಒಂದು ಕ್ಷಣ ನಗು ಬಂದಂತಾಗಿ ಮರೆಯಾಯಿತು. "ಮಯೂರ್ ಚೆನ್ನಾಗಿದಾನಾ?"

"ಚೆನ್ನಾಗಿದಾರೆ ಅಂಕಲ್."

ಅವರು ತಲೆಯಾಡಿಸಿ ಕಾರು ಹತ್ತಿ ಸ್ಟಿಯರಿಂಗ್ ಹಿಡಿದರು. ವೇದಾವತಿ ಎದುರಿನ ಗಾಜನ್ನೇ ನೋಡುತ್ತಿದ್ದರು. ಕಾರು ಹಿಂದಕ್ಕೆ ಬಂದು, ನಿಂತು, ರಸ್ತೆಗೆ ಇಳಿಯಿತು. ಪ್ರೇರಣಾ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತಳು. ಒಳಗಿನಿಂದ ಅಂಗಡಿಯವನು, ಏನು ಬೇಕಿತ್ತು ಅಕ್ಕ, ಎಂದು ಎರಡು ಸಲ ಕೇಳಿದ.